ರೇಣುಕಾಳಿಗೆ ಹೇಳದ ಡಾಕ್ಟರ ಮಾತು

ಮನುಷ್ಯರು ಸುಳ್ಳು ಹೇಳುವುದು ಭಯಕ್ಕೆ, ಇಲ್ಲವೇ ಲೋಭಕ್ಕೆ ಎಂದು ತಿಳಿದವರು ಗಂಭೀರವಾಗಿ ವಿವರಿಸುತ್ತಾರೆ. ನಾನು ಹೇಳಿದ್ದು ಜಾಣತನಕ್ಕೆ. ನನ್ನ ನೆಗೆಣ್ಣಿ ರೇಣುಕಾಳ ಗರ್ಭಚೀಲ ತೆಗೆಸಲೇಬೇಕೆಂದೇನೂ ಇರಲಿಲ್ಲ — ಡಾಕ್ಟರು ಅದನ್ನು ನನಗೆ ಬಿಡಿಸಿ ಹೇಳಿದ್ದರು — ನಾನು ಅವಳಿಗೆ ಹೇಳಲಿಲ್ಲ.

ರೇಣುಕಾ ನನ್ನ ಮೈದುನನ ಹೆಂಡತಿ. ಮಗಳನ್ನು ಹಡೆದು ಬಾಣಂತನ ಮುಗಿಯುವ ಮೊದಲೇ ಯಲಬುರ್ಗಾದ ಹೊಲದಲ್ಲಿ ಮೇವಿನ ಹೊರೆ ಹೊತ್ತವಳು. ಯೋನಿಯ ಗೋಡೆ ಸಡಿಲಾಗಿ ಗರ್ಭಚೀಲ ಕೆಳಗೆ ಜಾರಿತ್ತು. ನಾನೋ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಗರ್ಭಕೋಶದ ಪಾಠ ಬಂದಾಗಲೆಲ್ಲ "ಮನಿಯಾಗ ಓದ್ಕೊಳ್ರಿ" ಎಂದು ಹಾಳೆ ಮಗುಚಿದವಳು. ಇಷ್ಟು ಯೋಗ್ಯತೆಯ ಮೇಲೆ ಮನೆಯಲ್ಲಿ ನನಗೆ ತಜ್ಞೆಯ ಪಟ್ಟ ಸಿಕ್ಕಿತ್ತು.

ನಮ್ಮಲ್ಲಿ ಇಂಥ ಬೇನೆಗೆ ದವಾಖಾನೆಗೆ ಹೋದರೆ ಮಾತಾಡುವವಳು ಬೇನೆಯವಳಲ್ಲ, ಜೊತೆಗೆ ಬಂದ ಹಿರಿಯಳು. ಗಂಗಾವತಿಯ ಡಾಕ್ಟರು ತಪಾಸಣೆ ಮುಗಿಸಿ ಮಾತು ತೆಗೆಯುವಷ್ಟರಲ್ಲಿ ರೇಣುಕಾ ಸೆರಗನ್ನು ಬಾಯಿಗೆ ಹಿಡಿದು, "ಅಕ್ಕನ ಮುಂದ ಹೇಳ್ರಿ, ನಾ ಹೊರಗ ಕುಂದರ್ತೀನಿ" ಎಂದು ಎದ್ದೇ ಹೋದಳು.

ಡಾಕ್ಟರು ಎಳೆಯ ಹುಡುಗಿ — ಅದೇ ನನ್ನ ಮೊದಲ ಅನುಮಾನ. "ಅವ್ರನ್ನ ಕೇಳದ ಹೆಂಗ್ರಿ ಮೇಡಂ?" ಎಂದರು.

"ನಾ ಅದೀನಲ್ಲ, ಹೇಳ್ರಿ."

ಹೇಳಿದರು. "ಅವಸರ ಇಲ್ರಿ. ಮೊದ್ಲು ವ್ಯಾಯಾಮ ಮಾಡ್ಲಿ, ಗರ್ಭಚೀಲ ಜಾರದಂಗ ಒಳಗ ರಬ್ಬರಿನ ರಿಂಗ್ ಹಾಕಿ ನೋಡೂಣು. ಇನ್ನೊಂದ್ ಕೂಸು ಬೇಕಂದ್ರ ಆಪರೇಷನ್ ಮುಂದ ಹಾಕೂದ ಛಲೋ. ಮಾಡಿದ್ರೂ ಗರ್ಭಚೀಲ ಉಳಿಸಿ ಮಾಡಬಹುದು, ತಗದೂ ಮಾಡಬಹುದು. ಆಮ್ಯಾಲ ಮತ್ತ ಜಾರಬಹುದು. ಗಂಡನ ಜೋಡಿ ಕೂಡುವಾಗ ನೋವು ಬರಬಹುದು. ಕೆಲವು ತಿಂಗಳು ಭಾರ ಎತ್ತಂಗಿಲ್ಲ. ಇದನ್ನೆಲ್ಲ ಅವ್ರಿಗೆ ಹೇಳ್ರಿ. ಏನ್ ಬೇಕಂತ ಅವ್ರ ಹೇಳ್ಲಿ."

ಇಲ್ಲಿಗೆ ನನ್ನ ಅನುಮಾನ ಪೂರ್ತಿ ಬಲಿಯಿತು. ಕೆಲಸ ಬಲ್ಲ ಡಾಕ್ಟರು 'ಏನು ಬೇಕು' ಎಂದು ಕೇಳುತ್ತಾರೆಯೇ — ಇದೇನು ಖಾನಾವಳಿಯೇ? ರಿಂಗ್ ಎಂದರೆ ಮತ್ತೆ ಮತ್ತೆ ತೋರಿಸಲು ಬಾ ಎಂಬ ಹೂಟ. ವ್ಯಾಯಾಮವೆಂದರೆ ಔಷಧ ಗೊತ್ತಿಲ್ಲ ಎಂಬುದರ ಸಭ್ಯ ರೂಪ. ರೇಣುಕಾಳ ಮೇಲೂ ಅನುಮಾನವಿತ್ತು — ಕೇಳಿದರೆ ರಿಂಗ್ ಸಾಕು ಎಂದುಬಿಡುತ್ತಾಳೆ, ಮತ್ತೆ ಬಸುರಾಗುತ್ತಾಳೆ, ಮತ್ತೆ ನಾನೇ ಬಾಣಂತನ — ಇರಲಿ. ಇದನ್ನು ಸಮರ್ಥನೆಯಾಗಿ ಬರೆಯುತ್ತಿಲ್ಲ.

ಹೊರಗೆ ರೇಣುಕಾ ಕೇಳಿದಳು, "ಏನಂದ್ರಕ್ಕ?"

"ತಗೀಲೇಬೇಕಂತ. ಬ್ಯಾರೆ ದಾರಿ ಇಲ್ಲಂತ."

"ಇನ್ನೊಂದ್ ಕೂಸಾಗ್ಲಿ ಅಂತ ಹುಲಿಗೆಮ್ಮಗ ಬೇಡ್ಕೊಂಡಿದ್ದೆ... ಡಾಕ್ಟರ್ ಒಲ್ಲೆ ಅಂದ್ರವ್ವಾ ಅಂತ ಆಕಿಗೂ ಹೇಳಿಬಿಡ್ತೀನಿ ತಗೋ," ಎಂದು ನಕ್ಕಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದೆ.

ಮುಂದೆ ಕೊಪ್ಪಳದಲ್ಲಿ ನಾನೇ ಆರಿಸಿದ ಇನ್ನೊಬ್ಬ ಡಾಕ್ಟರು. ತಲೆಯೆತ್ತದೆ "ಯಾವಾಗ ಅಡ್ಮಿಟ್ ಆಗ್ತೀರಿ?" ಎಂದರು. ಡಾಕ್ಟರೆಂದರೆ ಇವರು ಎಂದು ನನಗೆ ರೋಮಾಂಚನವಾಯಿತು. ಮೈದುನ ಸಹಿ ಹಾಕಿದ. ಗರ್ಭಚೀಲ ತೆಗೆದರು.

ವರ್ಷಗಳು ಕಳೆದವು. ಮೊನ್ನೆ ರೇಣುಕಾಳ ತಂಗಿ ಸುಜಾತಾ ಕುಷ್ಟಗಿಯಿಂದ ಬಂದಳು. ಅದೇ ಬೇನೆ. "ಅಕ್ಕನ್ನ ಕರ್ಕೊಂಡ್ ಹೋಗು. ನೀ ಬಾಯಿ ಮುಚ್ಕೊಂಡು ಹೊರಗ ಕುಂದ್ರು, ಎಲ್ಲಾ ಆಕೀನ ಕೇಳ್ತಾಳ," ಎಂದಳು ರೇಣುಕಾ ತಂಗಿಗೆ, ನನ್ನತ್ತ ಕೈ ತೋರಿಸಿ, ಅಭಿಮಾನದಿಂದ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ — ಅಭಿಮಾನವನ್ನು ತಡೆಯಲಾಗಲಿಲ್ಲ. ಅಕ್ಕತಂಗಿಯರಿಬ್ಬರ ಮುಂದೆಯೇ ಡಾಕ್ಟರ ಮಾತನ್ನೆಲ್ಲ ಹೇಳಿದೆ.

ರೇಣುಕಾ ಕೇಳಿದ್ದು ಒಂದೇ: "ನನ್ನ ಕೇಳ್ಬೇಕು ಅಂದಿದ್ರಾ ಆ ಡಾಕ್ಟ್ರು?"

"ಅಂದಿದ್ರು."

ಕ್ಷಮಿಸು ಎನ್ನಲು ಹೊರಟೆ — ಅವಳು ಎದ್ದು ಒಳಗೆ ಹೋಗಿದ್ದಳು.

ಮರುದಿನ ಅವರಿಬ್ಬರೇ ಗಂಗಾವತಿಗೆ ಹೋದರು. ಸುಜಾತಾ ತಾನೇ ಕೂತು ಮಾತಾಡಿದಳಂತೆ. ಆಪರೇಷನ್ ಮುಂದೆ ಹಾಕಿದ್ದಾರೆ. ರೇಣುಕಾ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ.