ಡೊಂಕು ಸೂಜಿಗಳ ವಿಷಯದಲ್ಲಿ ನಾನು ಕೊಟ್ಟ ವಿವರಣೆ

ಐವತ್ತರ ದಶಕದ ಕೊನೆಯ ಭಾಗದಲ್ಲಿ ನಾನು ರಾಜಾಜಿನಗರದ ಒಂದು ಸಣ್ಣ ಬನಿಯನ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಸುಂಕದಕಟ್ಟೆಯ ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವನು ನಾನೊಬ್ಬನೇ. ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದರೆ ಅದನ್ನು ಮೂರು ಸಲ ಓದಿ, ನಾಲ್ಕನೆಯ ಸಲ ನಿಘಂಟು ತೆರೆದು ನೋಡುವ ಅಭ್ಯಾಸ ನನಗಿತ್ತು.

ಕಾರ್ಖಾನೆಯಲ್ಲಿ ನಾಲ್ಕು ಹೆಣಿಗೆ ಯಂತ್ರಗಳಿದ್ದವು. ಅವುಗಳ ಸೂಜಿಗಳು ಜರ್ಮನಿಯಿಂದ ಬರಬೇಕಾಗಿತ್ತು. ದೇಶದಲ್ಲಿ ವಿದೇಶಿ ಹಣಕ್ಕೆ ಅಭಾವ ಉಂಟಾಗಿದ್ದುದರಿಂದ, ಹೊರಗಿನಿಂದ ಏನನ್ನು ತರಿಸಬೇಕಾದರೂ ಸರ್ಕಾರದ ಲೈಸೆನ್ಸ್ ಬೇಕಿತ್ತು. ಎಷ್ಟು ತರಿಸಬಹುದೆಂಬುದನ್ನೂ ಸರ್ಕಾರವೇ ಹೇಳುತ್ತಿತ್ತು. ಆ ವರ್ಷದ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು.

“ವರ್ಷಕ್ಕೆ ಒಂಬೈನೂರು ಸೂಜಿ ಬೇಕು,” ಎಂದರು ನಮ್ಮ ಮೇಸ್ತ್ರಿ. “ನೀವು ಎರಡು ಸಾವಿರದ ಏಳ್ನೂರು ಅಂತ ಬರೀರಿ ಸ್ವಾಮಿ. ಅವರು ಮೂರರಲ್ಲಿ ಒಂದು ಪಾಲು ಕೊಡ್ತಾರೆ. ಎಲ್ರೂ ಹಂಗೇ ಬರಿಯೋದು.”

ಅರ್ಜಿಯ ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಸಾಲಿತ್ತು. ನಾನು ಒಂಬೈನೂರು ಎಂದೇ ಬರೆದೆ. ಇಷ್ಟು ಕಡಿಮೆ ಏಕೆ ಎಂದು ಅಧಿಕಾರಿಗಳಿಗೆ ಅನುಮಾನ ಬರಬಾರದೆಂದು, ಡೊಂಕಾದ ಸೂಜಿಗಳನ್ನು ಮೇಸ್ತ್ರಿಯವರು ಸಣ್ಣ ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿ ಮತ್ತೆ ಬಳಸುತ್ತಾರೆ ಎಂಬ ವಿವರಣೆಯನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದೆ. ಯಜಮಾನರು ಓದದೆ ರುಜು ಹಾಕಿದರು. ಪದವೀಧರನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಮುನ್ನೂರು ಸೂಜಿಗೆ ಲೈಸೆನ್ಸ್ ಬಂತು. ಡೊಂಕಾದ ಸೂಜಿಗಳನ್ನು ನೆಟ್ಟಗೆ ಮಾಡಬಹುದೆಂದು ಅರ್ಜಿದಾರರೇ ತಿಳಿಸಿರುವುದರಿಂದ ಉಳಿದವು ಅನವಶ್ಯಕ ಎಂದು ಅದರಲ್ಲಿತ್ತು. ಭಾಷೆ ನಿರ್ದುಷ್ಟವಾಗಿತ್ತು.

ದಸರೆಯ ಹೊತ್ತಿಗೆ ಎರಡು ಯಂತ್ರಗಳು ನಿಂತವು. ಆಯುಧಪೂಜೆಯಲ್ಲಿ ಅವಕ್ಕೂ ಕುಂಕುಮ ಹಚ್ಚಿದೆವು. ಅವುಗಳ ಮೇಲೆ ಕೆಲಸ ಮಾಡುತ್ತಿದ್ದ ಇಬ್ಬರಿಗೆ, ಸೂಜಿ ಬರುವವರೆಗೆ ಮನೆಯಲ್ಲಿರಲು ಹೇಳಲಾಯಿತು. ಅವರು ಪ್ರತಿ ಸೋಮವಾರ ಬಾಗಿಲಿಗೆ ಬಂದು, “ಸೂಜಿ ಬಂತಾ ಸಾರ್?” ಎಂದು ನನ್ನನ್ನೇ ಕೇಳುತ್ತಿದ್ದರು. ವಿಷಯ ಪರಿಶೀಲನೆಯಲ್ಲಿದೆ ಎಂದು ನಾನು ಉತ್ತರಿಸುತ್ತಿದ್ದೆ.

ಕೊನೆಗೆ ಯಜಮಾನರ ಮುಂದೆ ನಿಂತು, “ನಾನು ಕೆಲಸ ಬಿಡ್ತೀನಿ ಸಾರ್,” ಎಂದೆ.

“ನೀನು ಬಿಟ್ಟು ಹೋದ್ರೆ ಮೇಲರ್ಜಿ ಯಾರಯ್ಯಾ ಬರೀತಾರೆ? ನಿಮ್ಮಪ್ಪ ಬರ್ತಾನಾ?” ನಮ್ಮ ತಂದೆಯವರು ಹೆಬ್ಬೆಟ್ಟು ಒತ್ತುವವರೆಂಬುದು ಅವರಿಗೆ ಗೊತ್ತಿತ್ತು. “ಸೂಜಿ ನೆಟ್ಟಗಾಗಲ್ಲ ಅಂತ ಬರಿ, ಹೋಗು.”

ಆದರೆ ನೆಟ್ಟಗಾಗುತ್ತದೆ ಎಂದು ಬರೆದವನು ನಾನೇ. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಮೇಸ್ತ್ರಿಯವರ ಪಕ್ಕದಲ್ಲಿ ಕುಳಿತು, ಅವರ ಸುತ್ತಿಗೆಯಿಂದಲೇ, ಹತ್ತು ಡೊಂಕು ಸೂಜಿಗಳನ್ನು ತಟ್ಟಿದೆ. ಹತ್ತೂ ಮುರಿದವು.

“ಏನ್ ಸ್ವಾಮಿ, ಕಡಲೆಕಾಯಿ ಒಡೀತಾ ಇದೀರಾ?” ಎಂದರು ಮೇಸ್ತ್ರಿ.

ಈ ಕಾರ್ಖಾನೆಯ ಪದವೀಧರ ನೌಕರರೊಬ್ಬರು ಹತ್ತು ಸೂಜಿಗಳನ್ನು ನೆಟ್ಟಗೆ ಮಾಡಲು ಪ್ರಯತ್ನಿಸಿದಾಗ ಹತ್ತೂ ಮುರಿದುಹೋದವು ಎಂದು ಮೇಲರ್ಜಿಯಲ್ಲಿ ಬರೆದೆ. ಪ್ರತಿ ಅಕ್ಷರವೂ ಸತ್ಯವಾಗಿತ್ತು.

ಸಂಕ್ರಾಂತಿಯ ಸುಮಾರಿಗೆ ಉತ್ತರ ಬಂತು. ಮುರಿದ ಹತ್ತು ಸೂಜಿಗಳ ಬದಲಿಗೆ ಹತ್ತು ಸೂಜಿ ತರಿಸಿಕೊಳ್ಳಲು ಅನುಮತಿ ನೀಡಲಾಗಿತ್ತು.

ಮೇಸ್ತ್ರಿ ಅದನ್ನು ನನ್ನಿಂದ ಎರಡು ಸಲ ಓದಿಸಿ, ಅರ್ಥ ಹೇಳಿಸಿಕೊಂಡರು. “ಇನ್ನೊಂದು ಆರ್ನೂರು ಮುರೀಬೇಕಿತ್ತು ನೀವು,” ಎಂದರು.

ಹತ್ತು ಸೂಜಿ ಒಂದು ಯಂತ್ರದ ಯಾವ ಮೂಲೆಗೂ ಸಾಲದು. ಮುಂದಿನ ವರ್ಷ ಎರಡು ಸಾವಿರದ ಏಳುನೂರು ಎಂದು ಬರೆದೆ. ವಿವರಣೆಯ ಹಾಳೆಯನ್ನು ಲಗತ್ತಿಸಲಿಲ್ಲ. ಒಂಬೈನೂರು ಮಂಜೂರಾಯಿತು. ಸೂಜಿ ಬಂದ ದಿನವೇ ಇಬ್ಬರಿಗೂ ಹೇಳಿಕಳುಹಿಸಿದೆವು. ಒಬ್ಬರು ಬಂದರು. ಇನ್ನೊಬ್ಬರು ಅಷ್ಟರಲ್ಲಿ ಮಾಗಡಿ ರಸ್ತೆಯ ಮರದ ಮಿಲ್ಲಿಗೆ ಸೇರಿಬಿಟ್ಟಿದ್ದರು.

ಕೆಲವು ದಿನಗಳ ನಂತರ ಅವರು ದಾರಿಯಲ್ಲಿ ಸಿಕ್ಕಿ, ಅಭ್ಯಾಸಬಲದಿಂದ, “ಬಂತಾ ಸಾರ್?” ಎಂದರು.

ಬಂತು ಎಂದೆ.

“ಒಳ್ಳೇದಾಯ್ತು ಬಿಡಿ,” ಎಂದು ತೋಳಿನ ಮೇಲಿದ್ದ ಮರದ ಹೊಟ್ಟನ್ನು ಕೊಡವಿಕೊಂಡು ಸೈಕಲ್ ಹತ್ತಿದರು.