ಎಡಕ್ಕೆ ಬೇಕಿದ್ದ ಪ್ಯಾನೆಲ್

ಹೋದ ವಾರ ಅಡುಗೆಮನೆಯ ಗ್ರಾನೈಟ್ ಕಟ್ಟೆ ಬಿರುಕು ಬಿಟ್ಟಿತೆಂದು ಮಿಸ್ತ್ರಿಯನ್ನು ಕರೆಸಿದ್ದೆ. ಅವನು ಒಡೆದ ಟೈಲಿನ ಚೂರಿನ ಮೇಲೆ ಡಬ್ಬಿಯಿಂದ ಒಂದಿಷ್ಟು ಅಂಟು ತೆಗೆದಿಟ್ಟು, ಅದರ ಮೇಲೆ ಟ್ಯೂಬಿನಿಂದ ಬಟಾಣಿಯಷ್ಟು ಹಾರ್ಡನರ್ ಹಿಂಡಿ ಕಲಸತೊಡಗಿದ. ಎರಡು ನಿಮಿಷದೊಳಗೆ ಆ ವಾಸನೆ ಮನೆಯನ್ನೆಲ್ಲ ತುಂಬಿತು. ಮೂಗಿಗೆ ಚುಚ್ಚುವ, ಆದರೂ ತುಸು ಸಿಹಿಯಾದ, ಗಂಟಲಿಗಿಳಿದು ಅಲ್ಲೇ ಕೂತುಬಿಡುವ ವಾಸನೆ. ಕಿಟಕಿ ತೆರೆಯಲು ಓಡುತ್ತ ಅಭ್ಯಾಸಬಲದಿಂದ ಗೊಣಗಿದೆ: "ಶುರು ಮಾಡಿದ್ರೆಲಾ ಕಾಕಾ, ಮುಂಜಾನಿ ಮುಂಜಾನಿ..." ಕಾಕಾ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮರಾಠಿ ನಾಡಿನ ಕಾರ್ಖಾನೆಗಳ ಊರಾದ ಭೋಸರಿಯ ಹತ್ತಿರ ಮೂರಂತಸ್ತಿನ ಒಂದು ಹೌಸಿಂಗ್ ಸೊಸೈಟಿಯಲ್ಲಿದ್ದೆವು. ಎರಡನೆಯ ಮಹಡಿಯಲ್ಲಿ ನಾನು ಮತ್ತು ಅವ್ವ, ನಮ್ಮ ತಲೆಯ ಮೇಲೆ ಕಾಕಾ ಮತ್ತು ಕಾಕು. ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಿರಲಿಲ್ಲ. ನಾವು ಧಾರವಾಡದವರು, ಅವರು ಬೆಳಗಾವಿಯವರು. ಇಡೀ ಕಟ್ಟಡ ಮರಾಠಿ ಮಾತಾಡುವಾಗ ಮೆಟ್ಟಿಲ ಮೇಲೆ ಕನ್ನಡ ಕಿವಿಗೆ ಬಿದ್ದರೆ ಸಂಬಂಧ ತಾನಾಗಿಯೇ ಬೆಳೆಯುತ್ತದೆ. ಕಾಕಾ ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದರು. ಎರಕ ಹೊಯ್ಯುವ ಮೊದಲು ಬೇಕಾದ ವಸ್ತುವನ್ನು ಕಟ್ಟಿಗೆಯಲ್ಲಿ ಕೆತ್ತಿಕೊಡುವ ಕೆಲಸ ಅದು. ಆ ಕಟ್ಟಿಗೆಯ ಅಚ್ಚು ಮರಳಿನಲ್ಲಿ ಮೂಡಿದ ಮೇಲೆ ಅದರೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಕಾರ್ಖಾನೆಗೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರ ಬಂದಾಗ ಕಾಕಾ ಅವರನ್ನು ನಿವೃತ್ತಿಗೆ ಎರಡು ವರ್ಷ ಮೊದಲೇ ಮನೆಗೆ ಕಳಿಸಿದರು. ಉಳಿಗಳ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ಆಮೇಲೆ ಸುಮ್ಮನೆ ಕೂತು ಪೇಪರ್ ಓದಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಯಾರೋ ಹಳೆಯ ಪರಿಚಯದವರು ಅವರಿಗೆ ಕಾರ್ಬನ್ ಫೈಬರ್ ಬಟ್ಟೆಯ ತುಂಡುಗಳನ್ನು ತಂದುಕೊಟ್ಟರು. ಕಪ್ಪಗೆ, ಚಾಪೆಯಂತೆ ಅಡ್ಡ ಉದ್ದ ನೇಯ್ದದ್ದು. ರೆಸಿನ್ ಎಂಬ, ಮಿಸ್ತ್ರಿಯ ಅಂಟಿನದೇ ವಾಸನೆಯ, ಜೇನಿನಂಥ ದ್ರವದಲ್ಲಿ ಅದನ್ನು ತೋಯಿಸಿ ಅಚ್ಚಿನೊಳಗೆ ಪದರ ಪದರವಾಗಿ ಹಾಸಿದರೆ, ಒಣಗಿದ ಮೇಲೆ ತಗಡಿಗಿಂತ ಗಟ್ಟಿ, ಹಪ್ಪಳದಷ್ಟು ಹಗುರ. ರೇಸಿನ ಮೋಟರ್‌ಸೈಕಲ್ಲುಗಳಿಗೆ ಇದನ್ನೇ ಹಾಕುತ್ತಾರಂತೆ. ಅಷ್ಟು ಕೇಳಿದ್ದೇ ತಡ, ಕಾಕಾ ಅವರಿಗೆ ಹುಚ್ಚು ಹಿಡಿಯಿತು. ತಮಾಷೆಯೆಂದರೆ ಅವರಿಗೆ ಮೋಟರ್‌ಸೈಕಲ್ ಓಡಿಸಲು ಬರುತ್ತಲೇ ಇರಲಿಲ್ಲ. ಹಿಂದೆ ಕೂರಲೂ ಹೆದರುತ್ತಿದ್ದರು. ಆದರೂ ಕಟ್ಟಡದಲ್ಲಿ ಯಾರ ಗಾಡಿಯ ಮಡ್‌ಗಾರ್ಡ್ ಕಳಚಿದರೂ ಅದನ್ನೆತ್ತಿಕೊಂಡು ಕೆಳಗಿನ ಕಿರಾಣಿ ಅಂಗಡಿಗೆ ಹೋಗಿ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು. "ನೋಡ ತಂಗಿ, ಒಂಬೈನೂರು ಗ್ರಾಂ ಅದ. ನಾ ಮಾಡಿದ್ರ ಎರಡನೂರರಾಗ ಮುಗೀತದ." ಆ ಗಾಡಿಯ ಮೇಲೆ ದಿನಾ ಕೂರುವ ಗೃಹಸ್ಥರು ತೊಂಬತ್ತು ಕಿಲೋ ಇದ್ದರು. ಅದನ್ನು ಹೇಳಿದರೆ ಕಾಕಾ ಕೇಳಿಸಿಕೊಳ್ಳುತ್ತಿರಲಿಲ್ಲ.

ಈ ಉದ್ಯೋಗಕ್ಕೆ ಮನೆಯ ಸಾಮಾನೆಲ್ಲ ಬಲಿಯಾಯಿತು. ಪದರಗಳ ನಡುವಿನ ಗಾಳಿಯನ್ನು ಹೀರಿ ತೆಗೆಯಲು ಒಂದು ಹಳೆಯ ಫ್ರಿಜ್ಜಿನ ಕಂಪ್ರೆಸರ್ ಬಂತು. ಅದು ಓಡಿದರೆ ನಮ್ಮ ಮನೆಯ ಫ್ಯಾನು ನಡುಗುತ್ತಿತ್ತು. ಅಚ್ಚನ್ನು ಮುಚ್ಚಿ ಕಟ್ಟಲು ರಜಾಯಿ ಇಡುವ ಪ್ಲಾಸ್ಟಿಕ್ ಚೀಲ ಹೋಯಿತು. ರೆಸಿನ್ ನಾಯ್ಲಾನಿಗೆ ಅಂಟುವುದಿಲ್ಲ, ಮೇಲೆ ಹೊದಿಸಿ ಆಮೇಲೆ ಸುಲಿದು ತೆಗೆಯಬಹುದು ಎಂದು ಗೊತ್ತಾದ ದಿನ ಕಾಕುವಿನ ನಾಯ್ಲಾನ್ ಸೀರೆಗೆ ಕತ್ತರಿ ಬಿತ್ತು. "ಇಷ್ಟು ವರ್ಷದಾಗ ನಾ ಉಟ್ಟ ಸೀರಿ ಒಂದ ದಿನಾ ನೋಡಲಿಲ್ಲ ಈ ಮನಷ್ಯಾ. ಈಗ ಕಪಾಟ ತಗದು ಒಂದೊಂದ ಮುಟ್ಟಿ ನೋಡ್ತಾರ" ಎಂದು ಕಾಕು ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದರು. ಹತ್ತು ನಿಮಿಷಕ್ಕೆಂದು ಒಯ್ದ ನನ್ನ ಹೇರ್ ಡ್ರೈಯರ್ ಮೂತಿಗೆ ರೆಸಿನ್ ಮೆತ್ತಿಕೊಂಡು ಮೂರು ತಿಂಗಳಿಗೆ ವಾಪಸಾಯಿತು. ಇನ್ನು ಪಾಲಿಶ್ ಪೇಪರ್ ಹಿಡಿದು ಉಜ್ಜಲು ಕೂತರೆಂದರೆ ಕಪ್ಪು ಧೂಳೆಲ್ಲ ನಾವು ಒಣಹಾಕಿದ ಬಟ್ಟೆಯ ಮೇಲೆ. ಆಫೀಸಿನಲ್ಲಿ ಕೂತು ನಾನು ಎಷ್ಟು ಮೈ ಕೆರೆದುಕೊಂಡಿದ್ದೇನೋ ದೇವರಿಗೇ ಗೊತ್ತು.

ಇಷ್ಟೆಲ್ಲ ನೋಡಿಯೂ ನಾನಾಗಿಯೇ ಹೋಗಿ ಅವರ ಕೈಗೆ ಸಿಕ್ಕೆ. ಅಪ್ಪ ತೀರಿಕೊಂಡ ಮೇಲೆ ಅವನ ಕೆಂಪು ಮೋಟರ್‌ಸೈಕಲ್ಲನ್ನು ನಾನು ಓಡಿಸುತ್ತಿದ್ದೆ. ಮುಖಕ್ಕೆ ಓಢಣಿ ಬಿಗಿದುಕೊಂಡು ದಿನಾ ಅದರ ಮೇಲೆ ಕೆಲಸಕ್ಕೆ ಹೋಗುವುದು. ಒಂದು ದಿನ ಹೆದ್ದಾರಿಯಲ್ಲಿ ಎಡಗಡೆಯ ಸೈಡ್ ಪ್ಯಾನೆಲ್, ಅಂದರೆ ಸೀಟಿನ ಕೆಳಗೆ ಬ್ಯಾಟರಿಯನ್ನು ಮುಚ್ಚುವ ಭಾಗ, ಕಳಚಿ ಬಿದ್ದು ಲಾರಿಯ ಗಾಲಿಗೆ ಸಿಕ್ಕಿ ಪುಡಿಯಾಯಿತು. ಆ ಮಾದರಿಯ ಗಾಡಿ ಬರುವುದು ನಿಂತು ವರ್ಷಗಳಾಗಿದ್ದವು. ಹಳೆಯ ಸಾಮಾನು ಮಾರುವ ಜುನಾ ಬಜಾರಿನಲ್ಲಿ ಹುಡುಕಿದರೂ ಸಿಗಲಿಲ್ಲ. ಅದೇ ಹೊತ್ತಿಗೆ ಗಾಡಿಗೆ ಹದಿನೈದು ವರ್ಷ ತುಂಬಿತು. ಸಾರಿಗೆ ಕಚೇರಿಗೆ ಒಯ್ದು ತೋರಿಸಿ ಪಾಸ್ ಮಾಡಿಸಬೇಕು. ಬ್ಯಾಟರಿ ಬಿಟ್ಟುಕೊಂಡು ನಿಂತ ಗಾಡಿ ಪಾಸಾಗುವುದಿಲ್ಲ. ಪಾಸಾಗದಿದ್ದರೆ ಗುಜರಿಗೆ ಹಾಕಿಬಿಡು ಎಂದು ಹುಬ್ಬಳ್ಳಿಯಿಂದ ಅಣ್ಣ ಫೋನಿನಲ್ಲಿ ಹೇಳಿದ. ಅಪ್ಪನದೆಂದು ನನ್ನ ಹತ್ತಿರ ಉಳಿದದ್ದು ಅದೊಂದೇ. ಗುಜರಿಯ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

"ಎಂಟ ದಿನದಾಗ ಮಾಡಿಕೊಡ್ತೀನಿ. ಇನ್ನೊಂದು ಕಡೀದು ಬಿಚ್ಚಿ ಕೊಡು" ಎಂದರು ಕಾಕಾ.

ಡ್ರೈಯರಿನ ಗತಿ ನೋಡಿದ್ದ ನಾನು ಅಪ್ಪನ ಪ್ಯಾನೆಲನ್ನು ಅವರ ಕೈಗೆ ಕೊಡಲು ತಯಾರಿರಲಿಲ್ಲ. ಬೇಕಾದರೆ ಡ್ರಾಯಿಂಗ್ ತೆಗೆದುಕೊಡುತ್ತೇನೆ ಎಂದೆ. ನಾನು ಭೋಸರಿಯ ಒಂದು ಇಂಜಿನಿಯರಿಂಗ್ ಯೂನಿಟ್ಟಿನ ಡ್ರಾಯಿಂಗ್ ವಿಭಾಗದಲ್ಲಿದ್ದೆ. ಅದೇ ನನ್ನ ಅನ್ನ, ಅದೇ ನನ್ನ ಜಂಬ. ಮೂರು ಸಂಜೆ ಕೆಳಗೆ ಗಾಡಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಉಳಿದಿದ್ದ ಬಲಗಡೆಯ ಪ್ಯಾನೆಲನ್ನು ಇಂಚಿಂಚಿಗೆ ಅಳೆದು, ಉಬ್ಬು ತಗ್ಗು ಒಂದೂ ಬಿಡದೆ ಬರೆದೆ. ಕಾಕಾ ಕೈ ತೊಳೆದುಕೊಂಡು ಬಂದು ಹಾಳೆ ಹಿಡಿದರು. ಬಹಳ ಹೊತ್ತು ನೋಡಿದರು. "ಚಲೋ ತಗದೀ ತಂಗಿ. ಇಂಥಾ ಡ್ರಾಯಿಂಗ್ ಕೈಗೆ ಬಂದು ಭಾಳ ದಿನಾ ಆಗಿತ್ತು" ಎಂದರು.

ಎಂಟು ದಿನ ಎರಡೂವರೆ ತಿಂಗಳಾಯಿತು. ಮೇಲೆ ಹೋಗಿ ಕೇಳಿದಾಗಲೆಲ್ಲ ಒಂದೇ ಉತ್ತರ, "ಒಂದ ಗುಳ್ಳಿ ಉಳದದ." ಸಾಸಿವೆಯಷ್ಟು ಗಾಳಿಯ ಗುಳ್ಳೆ. ಅದಕ್ಕಾಗಿ ಗಟ್ಟಿಯಾದ ಪ್ಯಾನೆಲನ್ನು ಕೈಯಾರೆ ಕತ್ತರಿಸಿ ಎಸೆದು ಮತ್ತೆ ಮೊದಲಿನಿಂದ. "ಕಾಕಾ, ಅದು ಬ್ಯಾಟರಿ ಮುಚ್ಚಲಿಕ್ಕೆ ರೀ, ದೇವರ ಮನ್ಯಾಗ ಇಡಲಿಕ್ಕೆ ಅಲ್ಲ" ಎಂದು ಹಲ್ಲು ಕಚ್ಚಿಕೊಂಡು ಹೇಳಿದ್ದೆ. ಒಮ್ಮೆ ಕೆಳಗೆ ಬಂದು ಗಾಡಿಗೆ ಹಿಡಿದಾದರೂ ನೋಡಿ ಎಂದರೆ ಅವರಿಗೆ ಅವಮಾನವಾದಂತೆ ಮುಖವಾಗುತ್ತಿತ್ತು. "ಡ್ರಾಯಿಂಗ್ ಇರೂವಾಗ ಗಾಡಿ ಯಾಕ ಬೇಕು? ಫೌಂಡ್ರಿಯಾಗ ನಾ ಒಂದ ದಿನಾನೂ ಮಶೀನ್ ನೋಡಲಿಕ್ಕೆ ಹೋಗಿಲ್ಲ. ಹಾಳ್ಯಾಗ ಇದ್ದದ್ದು ಕೈಯಾಗ ಬರಬೇಕು, ಅಷ್ಟ." ಇಂಥ ಮನುಷ್ಯನೊಡನೆ ಏನು ವಾದ ಮಾಡುವುದು? ನಾನು ಮೆಟ್ಟಿಲಿಳಿದು ಬರುತ್ತಿದ್ದೆ.

ಗಾಡಿ ತೋರಿಸಬೇಕಾದ ದಿನದ ಹಿಂದಿನ ಸಂಜೆ ಕಾಕಾ ಪ್ಯಾನೆಲ್ ಹಿಡಿದು ಕೆಳಗಿಳಿದರು. ಹಿಂದೆ ಕಾಕು, ಅವರ ಹಿಂದೆ ಅಕ್ಕಪಕ್ಕದ ನಾಲ್ಕು ಮನೆಯವರು. ಕಪ್ಪು ನೇಯ್ಗೆಯ ಮೇಲೆ ನೀರು ನಿಂತ ಹಾಗೆ ಹೊಳಪು. ಒಂದು ಗುಳ್ಳೆಯಿಲ್ಲ, ಒಂದು ಗೀರಿಲ್ಲ. ನಿಜ ಹೇಳಬೇಕೆಂದರೆ ಅಷ್ಟು ಚೆಂದದ ವಸ್ತುವನ್ನು ನಮ್ಮ ಕಾರ್ಖಾನೆಯಲ್ಲೂ ನಾನು ನೋಡಿರಲಿಲ್ಲ. ಗಾಡಿಯ ಎಡಕ್ಕೆ ಕೂತು ಹಿಡಿದೆ. ಪ್ಯಾನೆಲ್ ಕೂರಲಿಲ್ಲ. ತಿರುಗಿಸಿದೆ, ಬಾಗಿಸಿದೆ, ತೂತಿಗೆ ತೂತು ಕೂಡಲಿಲ್ಲ. ಉಬ್ಬಬೇಕಾದಲ್ಲಿ ತಗ್ಗು... ಎದ್ದು ಹೋಗಿ ಬಲಗಡೆ ಹಿಡಿದೆ. ಅಪ್ಪನ ಪ್ಯಾನೆಲಿನ ಮೇಲೆ ಅದು ಅಂಗೈ ಮೇಲೆ ಅಂಗೈ ಇಟ್ಟಂತೆ ಕೂತಿತು. ಎರಡೂವರೆ ತಿಂಗಳು ಕೂತು ನನ್ನ ಹತ್ತಿರ ಇದ್ದದ್ದನ್ನೇ ಮತ್ತೆ ಮಾಡಿದ್ದರು.

ನನ್ನ ಬಾಯಿಗೆ ಆಗ ಹಿಡಿತವಿರಲಿಲ್ಲ. "ಹುಟ್ಟಿದಾಗಿಂದ ಪ್ಯಾಟರ್ನ್ ಮಾಡಿದ್ರೆಲಾ ಕಾಕಾ, ಎಡಾ ಯಾವುದು ಬಲಾ ಯಾವುದು ತಿಳೀಲಿಲ್ಲೇನ್ರಿ? ಹಾಳ್ಯಾಗ ನಾ ಬರದಿಲ್ಲೇನು, ತೋರಿಸಿದ್ದು ಬಲಾ, ಮಾಡೋದು ಎಡಾ ಅಂತ? ಓದಲಿಕ್ಕೆ ಬರದಿದ್ರ ಯಾಕ ಒಪ್ಪಿಕೊಂಡ್ರಿ?" ನಮ್ಮ ವಿಭಾಗದಲ್ಲಿ ಜೋಡಿ ಭಾಗಗಳಿಗೆ ಒಂದೇ ಡ್ರಾಯಿಂಗ್ ತೆಗೆದು, ಇನ್ನೊಂದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮಾಡಿರೆಂದು ಕೆಳಗೆ ಒಂದು ಸಾಲು ಬರೆಯುವುದು ಪದ್ಧತಿ. ಸಾವಿರ ಸಲ ಬರೆದ ಸಾಲು. ಅಕ್ಕಪಕ್ಕದವರು ಕನ್ನಡ ತಿಳಿಯದಿದ್ದರೂ ನಗುತ್ತಿದ್ದರು. ಕಾಕಾ ಪ್ಯಾನೆಲನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

"ತಪ್ಪಾತು ತಂಗಿ. ಮತ್ತ ಮಾಡ್ತೀನಿ" ಎಂದರು, ಅಷ್ಟೇ.

ಮರುದಿನ ಎಡಕ್ಕೆ ರಟ್ಟು ಕಟ್ಟಿಕೊಂಡು ಹೋದೆ. ಇನ್‌ಸ್ಪೆಕ್ಟರ್ ರಟ್ಟನ್ನು ಪೆನ್ನಿನಿಂದ ಎತ್ತಿ, "ಹೇ ಕಾಯ್ ಆಹೇ?", ಇದೇನಿದು, ಎಂದು ಕೇಳಿ ಒಂದು ತಿಂಗಳ ಗಡುವು ಕೊಟ್ಟು ಕಳಿಸಿದ. ಮನೆಗೆ ಬಂದರೆ ಬಾಗಿಲಲ್ಲಿ ಕಾಕಾ. ಹಾಳೆಯ ಮೇಲೆ ರೆಸಿನ್ ಚೆಲ್ಲಿ ಹಾಳಾಗಿದೆ, ಇನ್ನೊಂದು ಡ್ರಾಯಿಂಗ್ ಬೇಕು ಎಂದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅದೊಂದು ಹಾಳೆಯನ್ನಾದರೂ ನೆಟ್ಟಗೆ ಇಟ್ಟುಕೊಳ್ಳಬಾರದೇ? ಸಿಟ್ಟಿನಲ್ಲೇ ಕೂತು ಮತ್ತೊಂದು ತೆಗೆದೆ. ಕೆಳಗೆ ಕುರುಡರಿಗೂ ಕಾಣುವಷ್ಟು ದೊಡ್ಡದಾಗಿ, ಎಡಗಡೆಯದು ಮಾಡುವುದು ಎಂದು ಬರೆದು, ಅಡಿಗೆ ಎರಡು ಗೆರೆ ಎಳೆದೆ.

ಹತ್ತೊಂಬತ್ತನೆಯ ದಿನ ಕಾಕು ಎಡಗಡೆಯ ಪ್ಯಾನೆಲನ್ನು ತಂದುಕೊಟ್ಟರು. ಕಾಕಾ ಬರಲಿಲ್ಲ, ನಾನೂ ಮೇಲೆ ಹೋಗಲಿಲ್ಲ. ಗಾಡಿ ಪಾಸಾಯಿತು, ಅಪ್ಪನ ಗಾಡಿ ನನಗೆ ಉಳಿಯಿತು. ಅದಕ್ಕೆ ಒಂದು ಕೃತಜ್ಞತೆಯ ಮಾತಿರಲಿ, ಈ ಕತೆಯನ್ನು ನಗೆಯ ಪ್ರಸಂಗ ಮಾಡಿಕೊಂಡು ಆಫೀಸಿನಲ್ಲಿ ಹೇಳಿದೆ, ಮದುವೆಮನೆಗಳಲ್ಲಿ ಹೇಳಿದೆ. ಎಡ ಬಲ ಗೊತ್ತಿಲ್ಲದ ಪ್ಯಾಟರ್ನ್ ಕಾಕಾ. ಒಮ್ಮೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ಊಟದಲ್ಲಿ ಅವರೆದುರಿಗೇ ಹೇಳಿದೆ. ಪಂಕ್ತಿಯೆಲ್ಲ ನಕ್ಕಿತು. ಕಾಕಾ ತಾವೂ ನಕ್ಕು, ಶಿರಾ ಬಡಿಸುವವರನ್ನು ಕರೆದು ಇನ್ನೊಂದು ಸೌಟು ಹಾಕಿಸಿಕೊಂಡರು. ಆಮೇಲೆ ಯಾರ ಗಾಡಿಯ ಭಾಗವನ್ನೂ ಅವರು ತೂಗಿದ್ದು ನನಗೆ ನೆನಪಿಲ್ಲ. ಕಂಪ್ರೆಸರ್ ಸದ್ದು ಯಾವಾಗ ನಿಂತಿತೋ... ನಾನು ಗಮನಿಸಲಿಲ್ಲ.

ಕೆಲವು ವರ್ಷಗಳ ಮೇಲೆ ನಾನು ಮದುವೆಯಾಗಿ ಊರಿನ ಇನ್ನೊಂದು ಮಗ್ಗುಲಿನ ವಿಮಾನ ನಗರ ಬಡಾವಣೆಗೆ ಬಂದೆ. ಕಾಕಾ ಹೋದ ಸುದ್ದಿ ಫೋನಿನಲ್ಲಿ ಬಂತು. ಕಾಕು ಮನೆ ಖಾಲಿ ಮಾಡಿ ಬೆಳಗಾವಿಗೆ ಹೊರಟಾಗ ನೋಡಲು ಹೋಗಿದ್ದೆ. ನಾಯ್ಲಾನ್ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಗಂಟನ್ನು ಕೈಗಿಟ್ಟು, "ನಿನಗ ಕೊಡಂತ ಅವರೇನೂ ಹೇಳಿಲ್ಲ ತಂಗಿ. ಆದ್ರ ನಿಂದ ಅದ, ಒಯ್ಯಿ" ಎಂದರು. ಮುಟ್ಟಿದ ಕೂಡಲೇ ತಿಳಿಯಿತು, ಅದು ಆ ತಪ್ಪು ಪ್ಯಾನೆಲ್. ಬಿಚ್ಚಿ ನೋಡುವುದಕ್ಕೇನಿದೆ ಎಂದು ತಂದು ಅಟ್ಟಕ್ಕೆ ಹಾಕಿದೆ.

ಹೋದ ವಾರ ಮಿಸ್ತ್ರಿ ಹೋದ ಮೇಲೂ ವಾಸನೆ ಹೋಗಲಿಲ್ಲ. ಏಣಿ ಹಾಕಿ ಹತ್ತಿ ಗಂಟನ್ನು ಇಳಿಸಿ ಬಿಚ್ಚಿದೆ. ಪ್ಯಾನೆಲಿನ ಒಳಗೆ ನಾಲ್ಕಾಗಿ ಮಡಿಚಿಟ್ಟ ಹಾಳೆಯಿತ್ತು. ನನ್ನ ಮೊದಲ ಡ್ರಾಯಿಂಗ್. ಅಳತೆಗಳೆಲ್ಲ ಇವೆ, ಭಾಗದ ಹೆಸರಿದೆ, ಮೂಲೆಯಲ್ಲಿ ನನ್ನ ಸಹಿಯಿದೆ. ಕೆಳಗೆ ಆ ಸಾಲು ಇರಬೇಕಾದ ಜಾಗ ಬಿಳಿಯಾಗಿದೆ. ಸಾವಿರ ಸಲ ಬರೆದ ಸಾಲನ್ನು ಅಪ್ಪನ ಗಾಡಿಗೆ ಮಾತ್ರ ಬರೆಯಲು ನಾನು ಮರೆತಿದ್ದೆ. ಎಡಕ್ಕೆ ಬೇಕು ಎಂದು ಕೇಳಿದವಳು ಬಲಗಡೆಯದನ್ನು ಅಳೆದು, ಎಡಕ್ಕೆ ತಿರುಗಿಸಿಯೇ ಬರೆದುಕೊಟ್ಟಿದ್ದಾಳೆಂದು ನಂಬಿ ಅವರು ಕೆತ್ತಿದ್ದರು. ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದೆ. ಎಲ್ಲಿಯೂ ಒಂದು ಹನಿ ರೆಸಿನ್ ಬಿದ್ದಿರಲಿಲ್ಲ.

ನಾಚಿಕೆಯಿಂದ ಮುಖ ಸುಟ್ಟುಹೋಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಇವರದು? ಹಾಳೆಯನ್ನು ನನ್ನ ಮುಖದ ಮುಂದೆ ಹಿಡಿದಿದ್ದರೆ ಮುಗಿಯುತ್ತಿತ್ತು. ಜನರೆದುರು ಡ್ರಾಯಿಂಗಿನ ಹುಡುಗಿಯ ಮಾನ ಉಳಿಸಲು ತಮ್ಮ ಕಸುಬಿನ ಮಾನ ಕೊಟ್ಟು, ಶಿರಾ ಹಾಕಿಸಿಕೊಂಡು ಕೂತಿದ್ದರು ಈ ಪುಣ್ಯಾತ್ಮ. ಈಗ ಜಗಳ ಆಡೋಣವೆಂದರೆ ಮನುಷ್ಯನೇ ಇಲ್ಲ. ತಪ್ಪಾಯಿತು ಎನ್ನಲೂ ಇಲ್ಲ.

ಗಾಡಿ ಇನ್ನೂ ಇದೆ, ಪಾರ್ಕಿಂಗಿನ ಮೂಲೆಯಲ್ಲಿ. ನಿನ್ನೆ ಕೆಳಗೆ ಹೋಗಿ ಅಪ್ಪನ ಕೆಂಪು ಪ್ಯಾನೆಲನ್ನು ಬಿಚ್ಚಿ ಒರೆಸಿ ಕಪಾಟಿನಲ್ಲಿಟ್ಟೆ. ಆ ಜಾಗಕ್ಕೆ ಕಾಕಾ ಮಾಡಿದ್ದನ್ನು ಹಿಡಿದೆ. ಮೂರು ತೂತಿಗೆ ಮೂರು ತೂತು ಸೇರಿದವು. ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ಹಾಳೆಯಲ್ಲಿ ನಾನು ಬರೆದುಕೊಟ್ಟ ಹಾಗೆಯೇ ಇತ್ತು.