ಫಕೀರೇಶ ಬದಲಿಸಿದ ಎಂಜಿನ್

ಸಂಶಿಯ ಬಸ್ ನಿಲ್ದಾಣ ದಾಟಿ ಯರಗುಪ್ಪಿ ರಸ್ತೆಗೆ ಹೊರಳಿದರೆ ಎಡಕ್ಕೆ ಸಿಗುವ ತಗಡಿನ ಶೆಡ್ಡು ಫಕೀರೇಶನದು. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಟ್ರ್ಯಾಕ್ಟರು, ಜೀಪು, ಕಾಳು ಒಕ್ಕುವ ರಾಶಿ ಮಷೀನು ರಿಪೇರಿ ಮಾಡಿಕೊಂಡು ಬಂದವನು. ಮಾತು ಕಡಿಮೆ, ಕೆಲಸ ಪಕ್ಕಾ. ‘ಇದು ಮುಗೀತು’ ಎಂದು ಅವನು ಅಂದರೆ ಸುತ್ತಲಿನ ಹಳ್ಳಿಗಳಲ್ಲಿ ಯಾರೂ ತಿರುಗಿ ಕೇಳುತ್ತಿರಲಿಲ್ಲ. ಆ ನಂಬಿಕೆಯನ್ನು ಅವನು ಕೆಡಿಸಿದ್ದು ಒಂದೇ ಸಲ.

ಯರಗುಪ್ಪಿಯ ಶಿವಗಂಗವ್ವನಿಗೆ ಎಪ್ಪತ್ತೊಂದು ವರ್ಷ. ಆಕೆಯ ಗಂಡ ಈರಬಸಪ್ಪ ಹತ್ತಿ ವ್ಯಾಪಾರಕ್ಕೆ ಮುಂಬಯಿಗೆ ಓಡಾಡುತ್ತಿದ್ದ ಕಾಲದಲ್ಲಿ ಅಲ್ಲಿಂದ ಹಳೆಯದೊಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರು ತಂದಿದ್ದ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಕೂತು ಕೈ ಚಾಚಿದರೆ ನೆಲ ಮುಟ್ಟುವಷ್ಟು ತಗ್ಗು. ಕಪ್ಪು ಎರಿಮಣ್ಣಿನ ಹೊಲಗಳ ನಡುವಿನ ರಸ್ತೆಗೆ ತಕ್ಕ ಗಾಡಿಯೇ ಅಲ್ಲ. ಆದರೂ ಅವನು ಹೆಂಡತಿಗೆ ಅದನ್ನೇ ಓಡಿಸಲು ಕಲಿಸಿದ. ಅವನು ತೀರಿದ ಮೇಲೂ ಆಕೆ ಬಿಡಲಿಲ್ಲ. ಪ್ರತಿ ಸೋಮವಾರ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಹುಬ್ಬಳ್ಳಿ ಹಾಯ್ದು, ಕಲಘಟಗಿ ಕಡೆಯ ದೇವಿಕೊಪ್ಪಕ್ಕೆ ಹೋಗಿ ಬರುತ್ತಿದ್ದಳು. ಅಲ್ಲಿ ಆಕೆಯ ಅಕ್ಕ ನೀಲಗಂಗವ್ವ ತನ್ನ ಮಗಳು ರೋಹಿಣಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು.

ಹೋದ ವರ್ಷ ಬಿಸಿಲು ಏರುತ್ತಿದ್ದಂತೆ ಕಾರು ದಾರಿಯಲ್ಲಿ ನಿಲ್ಲತೊಡಗಿತು. ಅರ್ಧ ತಾಸು ಬಿಟ್ಟರೆ ಮತ್ತೆ ಚಾಲೂ ಆಗುತ್ತಿತ್ತು. ಶಿವಗಂಗವ್ವ ಅದನ್ನು ಶೆಡ್ಡಿನಲ್ಲಿ ಬಿಟ್ಟು ಹೋದಳು. ಫಕೀರೇಶನಿಗೆ ಹತ್ತು ನಿಮಿಷದಲ್ಲಿ ರೋಗ ಸಿಕ್ಕಿತು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕಾದಾಗ ಕೈಕೊಡುತ್ತಿತ್ತು, ಅಷ್ಟೇ. ಜೀಪೊಂದರ ಕಾಯಿಲ್ ಬಿಚ್ಚಿ ಹಾಕಿ ನೋಡಿದ. ಮಟಮಟ ಮಧ್ಯಾಹ್ನ ಒಂದು ತಾಸು ಓಡಿದರೂ ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

ಆದರೆ ಶೆಡ್ಡಿನ ಮೂಲೆಯಲ್ಲಿ ಇನ್ನೊಂದು ಎಂಜಿನ್ ಇತ್ತು. ಅಣ್ಣಿಗೇರಿ ಹತ್ತಿರ ಪಲ್ಟಿಯಾದ ಹೊಸ ವ್ಯಾನಿನದು, ಗೇರ್‌ಬಾಕ್ಸ್ ಸಮೇತ. ಹಳೆಯ ಕಾರುಗಳಿಗೆ ಹೊಸ ಎಂಜಿನ್ ಕೂಡಿಸುವವರ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡುವುದು ಫಕೀರೇಶನ ಚಟವಾಗಿತ್ತು. ಆಯುಷ್ಯವೆಲ್ಲ ಮಂದಿ ಮುರಿದದ್ದನ್ನು ಮೊದಲಿನಂತೆ ಮಾಡಿ ಕೊಟ್ಟಿದ್ದ. ಒಂದನ್ನಾದರೂ ಮೊದಲಿಗಿಂತ ಬೇರೆ ಮಾಡಬೇಕೆಂಬ ಆಸೆ ಒಳಗೇ ಇತ್ತು. ಜೀಪಿನ ಕಾಯಿಲ್ ಬಿಚ್ಚಿ, ಕೆಟ್ಟದ್ದನ್ನೇ ತಿರುಗಿ ಹಾಕಿ, ಶಿವಗಂಗವ್ವನಿಗೆ ಫೋನ್ ಮಾಡಿದ.

“ಎಂಜಿನ್ ಮುಗದೈತ್ರಿ ಅವ್ವಾರ. ಬ್ಯಾರೇದು ಕೂಡಸಬೇಕಾಗ್ತೈತಿ.”

ಆ ಕಡೆಯಿಂದ ಆಕೆ ಅಂದಳು, “ನೀ ಅಂದ ಮ್ಯಾಲೆ ಮುಗದಂಗ. ಲಗೂ ಮಾಡಿ ಕೊಡಪಾ.”

ಒಂದು ತಿಂಗಳೆಂದು ಹೇಳಿದ್ದ ಕೆಲಸ ನಾಲ್ಕು ತಿಂಗಳು ಹಿಡಿಯಿತು. ಹೊಸ ಎಂಜಿನ್ನಿನ ಆಯಿಲ್ ತೊಟ್ಟಿ ಕಾರಿನ ಅಡ್ಡಪಟ್ಟಿಗೆ ಬಡಿಯುತ್ತಿತ್ತು. ಕತ್ತರಿಸಿ ಬೆಸುಗೆ ಹಾಕಿದ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಹುಬ್ಬಳ್ಳಿಯ ಲೇತ್ ಅಂಗಡಿಯ ಜಾಕೀರ್ ಎರಡು ಸಲ ಕಡಿದು ಜೋಡಿಸಿದ. ವ್ಯಾನಿನ ಕಂಪ್ಯೂಟರ್ ಡಬ್ಬಿಯ ವೈರುಗಳನ್ನು ಒಂದೊಂದಾಗಿ ಬಿಡಿಸುತ್ತ ಫಕೀರೇಶ ಊಟ ಮರೆತ ದಿನಗಳಿದ್ದವು. ಅಷ್ಟು ಖುಷಿಯಾಗಿ ಅವನು ಎಂದೂ ದುಡಿದಿರಲಿಲ್ಲ.

ಶಿವಗಂಗವ್ವ ವಾರಕ್ಕೊಮ್ಮೆ ಫೋನ್ ಮಾಡಿ, ಅಕ್ಕ ದಾರಿ ನೋಡುತ್ತಿದ್ದಾಳೆ, ಇನ್ನೆಷ್ಟು ದಿನ ಎಂದು ಕೇಳುತ್ತಿದ್ದಳು. ಎರಡು ಸಲ ಬಸ್ಸಿನಲ್ಲಿ ಹೋಗಿ ಬಂದಳು. ಮೂರು ಬಸ್ಸು ಹತ್ತಿಳಿದು ಮೊಣಕಾಲು ಬಾತು, ಮೂರನೆಯ ಸಲ ಹೋಗಲಾಗಲಿಲ್ಲ. ಮೂರು ತಿಂಗಳಿಗೇ ಕಾರು ಓಡಿತ್ತು; ಅಂದೇ ಕೊಡಬಹುದಿತ್ತು. ಆದರೆ ಬಾನೆಟ್ಟು ಎರಡು ಬೆರಳು ಮೇಲೆ ನಿಲ್ಲುತ್ತಿತ್ತು. ಅದು ಸರಿಯಾಗಿ ಕೂರುವವರೆಗೆ ಯಾರಿಗೂ ತೋರಿಸಲು ಅವನಿಗೆ ಮನಸ್ಸಾಗಲಿಲ್ಲ. ಇನ್ನೂ ಕೆಲಸ ಐತಿ ಎಂದು ಹೇಳುತ್ತ ಒಂದು ತಿಂಗಳು ತಳ್ಳಿದ.

ಆ ತಿಂಗಳಲ್ಲೇ ನೀಲಗಂಗವ್ವ ತೀರಿಕೊಂಡಳು. ಶಿವಗಂಗವ್ವ ಯಾರದೋ ಗಾಡಿ ಗೊತ್ತುಮಾಡಿಕೊಂಡು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಫಕೀರೇಶನಿಗೆ ಇದು ತಿಳಿದದ್ದು ಕಾರು ಒಪ್ಪಿಸುವ ದಿನ. ಚಲೋ ಮಾಡೀಯಪಾ ಎಂದು ಬಾನೆಟ್ಟಿನ ಮೇಲೆ ಕೈಯಾಡಿಸಿ, ಇನ್ನು ಸೋಮವಾರ ಹೋಗುವುದೇನೂ ಇಲ್ಲ ಎಂದು ಆಕೆಯೇ ಹೇಳಿದಳು.

ಹುಬ್ಬಳ್ಳಿಯಿಂದ ಹುಡುಗರು ಬಂದು ಕಾರಿನ ಫೋಟೋ ತೆಗೆದುಕೊಂಡು ಹೋದರು. ಯಾರು ಹೊಗಳಿದರೂ ಫಕೀರೇಶ ಬೇರೆ ಕಡೆ ನೋಡಿ ನಟ್ಟು ಬಿಚ್ಚುವ ಪಾನಾ ಹುಡುಕುತ್ತಿದ್ದ. ರೊಟ್ಟಿ ಮುರಿದು ಹಾಗೇ ಬಿಟ್ಟು ಏಳುವುದನ್ನು ಕಂಡು ಹೆಂಡತಿ ದುರ್ಗವ್ವ, ಸಕ್ಕರಿ ಕಾಯಿಲೆ ಇದ್ದೀತೆಂದು ಡಾಕ್ಟರ ಬಳಿ ಕರೆದೊಯ್ದಳು. ಸಕ್ಕರಿ ಇರಲಿಲ್ಲ. ದಸರಾ ಕಳೆದ ಮೇಲೆ ಒಂದು ಮುಂಜಾನೆ ಶೆಡ್ಡಿಗೆ ಕೀಲಿ ಹಾಕಿ ಯರಗುಪ್ಪಿಗೆ ಹೋದ.

ಶಿವಗಂಗವ್ವ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಅವನು ಕೂಡ್ರಲಿಲ್ಲ.

“ಅವ್ವಾರ, ಹಳೇ ಎಂಜಿನ್ ಚಲೋ ಇತ್ರಿ. ಕಾಯಿಲ್ ಅಷ್ಟ ಹೋಗಿತ್ತು. ಒಂದ ದಿನದ ಕೆಲಸ. ನಾ ಸುಳ್ಳ ಹೇಳಿದೆ.”

ಆಕೆಯ ಕೈ ಮೊರದ ಮೇಲೆ ನಿಂತಿತು. “ಯಾಕ?”

“ಮಾಡಿ ನೋಡಬೇಕಂತ ಭಾಳ ಆಸೆ ಇತ್ರಿ.”

“ಆಸೆ ಇದ್ರ ಕೇಳಬೇಕಿತ್ತು. ಅಕ್ಕ ಇರೂತನಕ ತಡಿ ಅಂತಿದ್ದೆ. ಆಮ್ಯಾಲೆ ನಿನಗ ಬಿಟ್ಟ ಕೊಡ್ತಿದ್ದೆ.”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆಕೆ ಮೊರ ಬದಿಗಿಟ್ಟು ಒಳಗೆ ಹೋಗಿ ಕಾರಿನ ಕೀಲಿ ತಂದಳು.

“ರೋಹಿಣಿ ನನ್ನ ಕೂಡ ಮಾತ ಬಿಟ್ಟಾಳ. ಮನಸ್ಸಿದ್ರ ಹೆಂಗರ ಬರ್ತಿದ್ದಿ ಅಂದ್ಲು. ನಡಿ, ಹೋಗೂಣು. ಆಕಿ ಮುಂದನೂ ಹೇಳು.”

ಆಕೆ ಓಡಿಸಿದಳು, ಅವನು ಬಾಜುಕ್ಕೆ ಕೂತ. ದೇವಿಕೊಪ್ಪದವರೆಗೂ ಎಂಜಿನ್ ಬೆಣ್ಣೆಯಂತೆ ಓಡಿತು. ಆ ಸದ್ದನ್ನು ಕೇಳಲಾರದೆ ಅವನು ಮುಖ ಹೊರಗೆ ಹಾಕಿದ್ದ. ರೋಹಿಣಿ ಬಾಗಿಲಲ್ಲಿ ನಿಂತವಳು ಒಳಗೆ ಬನ್ನಿ ಎನ್ನಲಿಲ್ಲ. ಅವಳ ಹಿಂದೆ, ಹಾಸಿಗೆ ಸುತ್ತಿಟ್ಟ ಮಂಚ ಕಾಣುತ್ತಿತ್ತು. ಅದನ್ನು ನೋಡುತ್ತ ಎರಡನೆಯ ಸಲ ಹೇಳುವುದು ಅವನಿಗೆ ಮೊದಲ ಸಲಕ್ಕಿಂತ ಕಠಿಣವಾಯಿತು. ಬಾನೆಟ್ಟಿಗಾಗಿ ತಡ ಮಾಡಿದ ತಿಂಗಳನ್ನೂ ಮುಚ್ಚಿಡದೆ ಹೇಳಿದ.

“ಸೋಮವಾರ ಬಂತಂದ್ರ ಅವ್ವ ಮುಂಜಾನೆದ್ದು ತಲಿ ಬಾಚಿಸ್ಕೊತಿದ್ಲು,” ಎಂದಳು ರೋಹಿಣಿ. “ಈಗ ಇದನ್ನ ಕೇಳಿ ನಾ ಏನ ಮಾಡ್ಲಿ?”

ಅವನು ಹಿಂದೆ ಸರಿದು ಹೊರಗಿನ ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಅವಳು ಚಿಕ್ಕಮ್ಮನ ಕೈ ಹಿಡಿದು ಒಳಗೆ ಕರೆದೊಯ್ದಳು. ಅವನು ಅಲ್ಲೇ ಕೂತಿದ್ದ. ಒಳಗೆ ಇಬ್ಬರೂ ಅಳುವುದು ಕೇಳಿಸಿತು, ಆಮೇಲೆ ಮಾತು. ಚಹಾ ಹೊರಗೆ ಬರಲಿಲ್ಲ. ಅವನು ಬಯಸಿರಲೂ ಇಲ್ಲ.

ತಿರುಗಿ ಬರುವಾಗ, ಹಳೆಯ ಎಂಜಿನ್ ಇಟ್ಟಿದ್ದೇನೆ, ತಿರುಗಿ ಕೂಡಿಸಿ ಕೊಡುತ್ತೇನೆ ಎಂದ.

“ಬ್ಯಾಡ,” ಎಂದಳು ಶಿವಗಂಗವ್ವ. “ರೋಹಿಣಿ ಸೋಮವಾರ ಬಾ ಅಂದಾಳ. ಮತ್ತ ಕಾರ ನಿನ್ನ ಕಡೆ ಬಿಟ್ಟಿರಾಕ ಆಗೂದಿಲ್ಲ.”

ಈಗಲೂ ಆಯಿಲ್ ಬದಲಿಸಲು ಆಕೆ ಅವನಲ್ಲಿಗೇ ಬರುತ್ತಾಳೆ. ಆದರೆ ಮೊದಲಿನಂತೆ ಕಾರು ಬಿಟ್ಟು ಸಂತೆಗೆ ಹೋಗುವುದಿಲ್ಲ. ಬಾನೆಟ್ಟಿನ ಪಕ್ಕ ನಿಂತು, ಇದೇನು, ಅದನ್ನ ಯಾಕ ಬಿಚ್ಚಿದಿ ಎಂದು ಕೇಳುತ್ತಾಳೆ. ಅವನು ಒಂದೊಂದನ್ನೂ ಆಕೆಯ ಕೈಗೆ ಕೊಟ್ಟು ಹೇಳುತ್ತಾನೆ. ಮೊಣಕಾಲು ನೋಯುತ್ತದೆಂದು ಆಕೆಗಾಗಿ ಒಂದು ಕುರ್ಚಿ ತಂದಿಟ್ಟಿದ್ದಾನೆ. ಆಕೆ ಇನ್ನೂ ಅದರಲ್ಲಿ ಕೂತಿಲ್ಲ.